ಕಾಲೇಜು ಕ್ರೀಡೆಯ ಛಾಯಾಗ್ರಾಹಕರಿಗೆ ಫೋಟೋ ಮೆಕ್ಯಾನಿಕ್: ಬಳಕೆದಾರನ ವಿಮರ್ಶೆ

ಕಾಲೇಜು ಕ್ರೀಡೆಗಳನ್ನು ಫ್ರೀಲಾನ್ಸ್ ಆಗಿ ಚಿತ್ರೀಕರಿಸುವವರು ಒಟ್ಟಿಗೆ ಸೇರಿದಾಗ ಮಾತು ಸಾಮಾನ್ಯವಾಗಿ ಕ್ಯಾಮೆರಾ ಮತ್ತು ಲೆನ್ಸುಗಳ ಸುತ್ತಲೇ ಸಾಗುತ್ತದೆ. ಒಳಾಂಗಣದ ಬ್ಯಾಸ್ಕೆಟ್‌ಬಾಲ್‌ಗೆ 70–200 ಮಿ.ಮೀ. ಎಫ್/2.8 ಲೆನ್ಸ್ ಸಾಕಾಗುತ್ತದೆಯೇ, ಮೈದಾನದ ಆಟಗಳಿಗೆ 400 ಮಿ.ಮೀ. ಕೊಳ್ಳಲೇಬೇಕೇ, ಮಂದ ಬೆಳಕಿನಲ್ಲಿ 1/1000 ಸೆಕೆಂಡ್ ಶಟರ್ ವೇಗ ಉಳಿಸಿಕೊಳ್ಳಲು ಐಎಸ್ಒ ಎಷ್ಟರವರೆಗೆ ಏರಿಸಬಹುದು ಎಂಬ ಪ್ರಶ್ನೆಗಳೆಲ್ಲ ಅಗತ್ಯವಾದವುಗಳೇ. ಆದರೆ ಪಂದ್ಯ ಮುಗಿದ ಮೇಲೆ, ಕೆಲವೊಮ್ಮೆ ಪಂದ್ಯ ನಡೆಯುತ್ತಿರುವಾಗಲೇ, ಚಿತ್ರವನ್ನು ಆರಿಸಿ, ಅದಕ್ಕೆ ಸರಿಯಾದ ಹೆಸರು ಬರೆದು, ಕೇಳಿದವರಿಗೆ ತಲುಪಿಸುವ ಇನ್ನರ್ಧ ಕೆಲಸದ ಬಗ್ಗೆ ಮಾತನಾಡುವವರು ಕಡಿಮೆ. ನಾನು ಇಲ್ಲಿ ವಿಮರ್ಶಿಸುತ್ತಿರುವುದು ಆ ಇನ್ನರ್ಧ ಕೆಲಸಕ್ಕೆಂದೇ ರೂಪುಗೊಂಡ ತಂತ್ರಾಂಶವನ್ನು: ಕ್ಯಾಮೆರಾ ಬಿಟ್ಸ್ ಕಂಪನಿಯ ಫೋಟೋ ಮೆಕ್ಯಾನಿಕ್. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಕಾಲೇಜು ಕ್ರೀಡೆಯನ್ನು ವೃತ್ತಿಯಾಗಿ ತೆಗೆದುಕೊಳ್ಳುವವರು ಎರಡನೆಯ ದುಬಾರಿ ಲೆನ್ಸಿಗೆ ಹಣ ಕೂಡಿಸುವ ಮುನ್ನ ಈ ತಂತ್ರಾಂಶವನ್ನು ಕಲಿಯಬೇಕು.

ಅಮೆರಿಕದ ಆರೆಗಾನ್ ರಾಜ್ಯದಲ್ಲಿರುವ ಕ್ಯಾಮೆರಾ ಬಿಟ್ಸ್ 1998ರಲ್ಲಿ ಇದನ್ನು ಮೊದಲು ಬಿಡುಗಡೆ ಮಾಡಿತು. ಪತ್ರಿಕಾ ಛಾಯಾಗ್ರಾಹಕರು ಫಿಲ್ಮಿನಿಂದ ಡಿಜಿಟಲ್‌ಗೆ ದಾಟುತ್ತಿದ್ದ ಕಾಲ ಅದು. ಆ ಮೂಲದ ಗುರುತು ಇಂದಿಗೂ ಈ ತಂತ್ರಾಂಶದ ಪ್ರತಿ ಕಿಟಕಿಯಲ್ಲೂ ಕಾಣುತ್ತದೆ. ಮ್ಯಾಕ್ ಮತ್ತು ವಿಂಡೋಸ್ ಎರಡರಲ್ಲೂ ಇದು ಕೆಲಸ ಮಾಡುತ್ತದೆ. ಇದರ ಪಾಲಿಗೆ ಇರುವ ಕೆಲಸಗಳು ನಾಲ್ಕೇ: ಕಾರ್ಡಿನಿಂದ ಚಿತ್ರಗಳನ್ನು ಕಂಪ್ಯೂಟರಿಗೆ ಇಳಿಸುವುದು, ಒಳ್ಳೆಯದನ್ನು ಆರಿಸುವುದು, ಚಿತ್ರದೊಳಗೆ ವಿವರ ಬರೆಯುವುದು, ಬೇಕಾದವರಿಗೆ ಕಳುಹಿಸುವುದು. ಬಣ್ಣ ತಿದ್ದುವುದು, ನೆರಳು ಎತ್ತುವುದು, ನಾಯ್ಸ್ (ಮಂದ ಬೆಳಕಿನ ಚಿತ್ರದಲ್ಲಿ ಕಾಣುವ ಕಾಳುಕಾಳು) ಕಡಿಮೆ ಮಾಡುವುದು ಇದರ ಕೆಲಸವಲ್ಲ. ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳದೆ ಕೊಂಡವರು ನಿರಾಶರಾಗುತ್ತಾರೆ.

ಈ ನಾಲ್ಕು ಕೆಲಸಗಳು ಕಾಲೇಜು ಕ್ರೀಡೆಯಲ್ಲಿ ಏಕೆ ಇಷ್ಟು ಭಾರವಾಗುತ್ತವೆ ಎಂಬುದನ್ನು ಸ್ವಲ್ಪ ವಿವರಿಸಬೇಕು. ದೊಡ್ಡ ಸುದ್ದಿಸಂಸ್ಥೆಯ ಉದ್ಯೋಗಿಯಾಗಿರುವ ಛಾಯಾಗ್ರಾಹಕರಿಗೆ ಮತ್ತೊಂದು ತುದಿಯಲ್ಲಿ ಫೋಟೋ ಎಡಿಟರ್ ಕುಳಿತಿರುತ್ತಾರೆ. ಆಯ್ಕೆ ಮಾಡುವುದಕ್ಕೂ ಅಡಿಬರಹ ತಿದ್ದುವುದಕ್ಕೂ ಬೇರೆ ಕೈಗಳಿರುತ್ತವೆ. ಫ್ರೀಲಾನ್ಸ್ ಛಾಯಾಗ್ರಾಹಕರಿಗೆ ಅಂಥ ಯಾರೂ ಇಲ್ಲ. ಅದೇ ಪಂದ್ಯದ ಚಿತ್ರಗಳು ಕಾಲೇಜಿನ ಕ್ರೀಡಾ ವಿಭಾಗಕ್ಕೂ, ಒಂದು ಪತ್ರಿಕೆಗೂ, ಎದುರಾಳಿ ತಂಡದ ಮಾಧ್ಯಮ ಕಚೇರಿಗೂ ಹೋಗಬೇಕಾಗಬಹುದು. ಪ್ರತಿಯೊಬ್ಬರಿಗೂ ಬೇಕಾದ ಕಡತದ ಹೆಸರು, ಅಳತೆ, ಅಡಿಬರಹದ ಶೈಲಿ ಬೇರೆಬೇರೆ. ಇದರ ಮೇಲೆ ಇಂದಿನ ಕ್ಯಾಮೆರಾಗಳ ವೇಗ ಸೇರಿಕೊಂಡಿದೆ. ನಿಕಾನ್ ಝಡ್9 ಕ್ಯಾಮೆರಾ ರಾ ಕಡತಗಳನ್ನು (ಸಂಸ್ಕರಿಸದ ಮೂಲ ಚಿತ್ರಗಳನ್ನು) ಸೆಕೆಂಡಿಗೆ 20ರಂತೆ ತೆಗೆಯುತ್ತದೆ, ಕ್ಯಾನನ್ ಆರ್3 ಎಲೆಕ್ಟ್ರಾನಿಕ್ ಶಟರ್‌ನಲ್ಲಿ 30ರಂತೆ, ಸೋನಿ ಎ9 III ಗರಿಷ್ಠ 120ರಂತೆ. ಬುಟ್ಟಿಗೆ ಬೀಳದೆ ಮರಳುವ ಚೆಂಡನ್ನು ಹಿಡಿಯುವ ಒಂದು ರೀಬೌಂಡಿಗಾಗಿ 3 ಸೆಕೆಂಡ್ ಬಟನ್ ಒತ್ತಿ ಹಿಡಿದರೆ, ಇವುಗಳಲ್ಲಿ ಅತಿ ನಿಧಾನದ್ದರಲ್ಲೇ 60 ಚೌಕಟ್ಟುಗಳು ಕಾರ್ಡ್ ಸೇರುತ್ತವೆ. ಕ್ಯಾಮೆರಾದ ಜಾಹೀರಾತು ಈ ಸಂಖ್ಯೆಗಳನ್ನು ಹೆಮ್ಮೆಯಿಂದ ಹೇಳುತ್ತದೆ. ಆ 60ರಲ್ಲಿ ಒಂದನ್ನು ಆರಿಸಿ ಉಳಿದ 59ನ್ನು ಬದಿಗಿಡುವ ಹೊಣೆ ಮಾತ್ರ ನಮ್ಮದೇ.

ಕಾರ್ಡಿನಿಂದ ಚಿತ್ರ ಇಳಿಸುವ ಮೊದಲ ಹಂತವಾದ ಇಂಜೆಸ್ಟ್‌ನಿಂದ ಆರಂಭಿಸೋಣ. ಕಾರ್ಡ್ ಹಾಕಿದ ಕೂಡಲೇ ತೆರೆದುಕೊಳ್ಳುವ ಈ ಕಿಟಕಿಯಲ್ಲಿ ಚಿತ್ರಗಳು ಯಾವ ಫೋಲ್ಡರಿಗೆ ಹೋಗಬೇಕು, ಯಾವ ಕ್ರಮದಲ್ಲಿ ಮರುಹೆಸರಾಗಬೇಕು, ಪ್ರತಿ ಚಿತ್ರದೊಳಗೆ ಯಾವ ಸಾಮಾನ್ಯ ವಿವರ ಸೇರಬೇಕು ಎಂಬುದನ್ನೆಲ್ಲ ಒಂದೇ ಕಡೆ ನಿಗದಿಪಡಿಸಬಹುದು. ಒಂದಕ್ಕಿಂತ ಹೆಚ್ಚು ಕಾರ್ಡುಗಳನ್ನು ಒಟ್ಟಿಗೇ ಇಳಿಸಬಹುದು. ಅದೇ ಹೊತ್ತಿನಲ್ಲಿ ಎರಡನೆಯ ಡ್ರೈವಿಗೂ ಒಂದು ಪ್ರತಿ ಹೋಗುವಂತೆ ಮಾಡಬಹುದು. ಪಂದ್ಯ ಮರುಕಳಿಸುವುದಿಲ್ಲವಾದ್ದರಿಂದ ಈ ಎರಡನೆಯ ಪ್ರತಿಯನ್ನು ನಾನು ಎಂದೂ ಐಚ್ಛಿಕವೆಂದು ಪರಿಗಣಿಸುವುದಿಲ್ಲ. ಹಿಂದೆ ಇಳಿಸಿದ ಚಿತ್ರಗಳನ್ನು ಬಿಟ್ಟು ಹೊಸದನ್ನು ಮಾತ್ರ ಇಳಿಸುವ ವ್ಯವಸ್ಥೆಯೂ ಇದೆ. ಆಟದ ನಡುವೆ ಅದೇ ಕಾರ್ಡನ್ನು ಮತ್ತೆಮತ್ತೆ ಹಾಕಿ ತೆಗೆಯುವವರಿಗೆ ಇದು ದೊಡ್ಡ ಉಪಕಾರ.

ಇಂಜೆಸ್ಟ್‌ನಲ್ಲಿ ಹೊರಗಿನವರ ಕಣ್ಣಿಗೆ ಅಷ್ಟಾಗಿ ಬೀಳದ, ಆದರೆ ಕ್ರೀಡಾ ಛಾಯಾಗ್ರಾಹಕರು ಬಹುಕಾಲದಿಂದ ನೆಚ್ಚಿಕೊಂಡಿರುವ ಒಂದು ಸೌಲಭ್ಯವಿದೆ. ಬಹುತೇಕ ಎಲ್ಲ ವೃತ್ತಿಪರ ಕ್ಯಾಮೆರಾಗಳಲ್ಲೂ ಚಿತ್ರವೊಂದು ಅಕಸ್ಮಾತ್ ಅಳಿಸಿಹೋಗದಂತೆ ಲಾಕ್ ಮಾಡುವ ಗುಂಡಿ ಇರುತ್ತದೆ. ಟೈಮ್-ಔಟ್ ಸಿಕ್ಕಾಗ ಕ್ಯಾಮೆರಾದ ಹಿಂಬದಿ ಪರದೆಯಲ್ಲೇ ಉತ್ತಮ ಚಿತ್ರಗಳನ್ನು ನೋಡಿ ಲಾಕ್ ಮಾಡುತ್ತಾ ಹೋದರೆ, ಇಂಜೆಸ್ಟ್ ಕಿಟಕಿಯಲ್ಲಿ ಲಾಕ್ ಆದ ಚಿತ್ರಗಳನ್ನು ಮಾತ್ರ ಇಳಿಸುವಂತೆ ಹೇಳಬಹುದು. ಅಮೆರಿಕದ ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆಯಾದ ಎನ್‌ಸಿಎಎಯ ಬ್ಯಾಸ್ಕೆಟ್‌ಬಾಲ್‌ನಲ್ಲಿ ಹಾಫ್‌ಟೈಮ್ ಇರುವುದು 15 ನಿಮಿಷ. ಇಡೀ ಕಾರ್ಡನ್ನು ಇಳಿಸಿ ನೋಡುತ್ತಾ ಕುಳಿತರೆ ಆ ಹೊತ್ತು ನೋಡುವುದಕ್ಕೇ ಮುಗಿಯುತ್ತದೆ. ಲಾಕ್ ಮಾಡಿದ ಹತ್ತಾರು ಚಿತ್ರಗಳನ್ನಷ್ಟೇ ಇಳಿಸಿದರೆ ಅಡಿಬರಹ ಬರೆದು, ಕಳುಹಿಸಿ, ಎರಡನೆಯ ಅರ್ಧ ಆರಂಭವಾಗುವ ಮೊದಲು ಬೇಸ್‌ಲೈನಿನ ಬಳಿ ಮರಳಿ ಕುಳಿತುಕೊಳ್ಳಬಹುದು.

ಇನ್ನು ಆಯ್ಕೆಯ ವೇಗ. ಫೋಟೋ ಮೆಕ್ಯಾನಿಕ್ ಬಗ್ಗೆ ಎಲ್ಲರೂ ಮೊದಲು ಹೊಗಳುವುದು ಇದನ್ನೇ, ಮತ್ತು ಆ ಹೊಗಳಿಕೆ ನ್ಯಾಯವಾದದ್ದು. ಪ್ರತಿ ರಾ ಕಡತದೊಳಗೂ ಕ್ಯಾಮೆರಾ ತಾನೇ ತಯಾರಿಸಿದ ಒಂದು ಜೆಪೆಗ್ ಚಿತ್ರವನ್ನು ಅಡಗಿಸಿಟ್ಟಿರುತ್ತದೆ. ರಾ ದತ್ತಾಂಶವನ್ನು ಸಂಸ್ಕರಿಸಿ ತೋರಿಸುವ ಬದಲು ಈ ತಂತ್ರಾಂಶ ಆ ಸಿದ್ಧ ಜೆಪೆಗ್ಗನ್ನೇ ತೆರೆಯುತ್ತದೆ. ಆದ್ದರಿಂದ ಬಾಣದ ಕೀಲಿ ಒತ್ತಿದ ಕೂಡಲೇ ಮುಂದಿನ ಚಿತ್ರ ಕಣ್ಣೆದುರಿಗೆ ಬಂದಿರುತ್ತದೆ. ‘ಟಿ’ ಕೀಲಿ ಒತ್ತಿದರೆ ಚಿತ್ರಕ್ಕೆ ಗುರುತು ಬೀಳುತ್ತದೆ, ಅಂಕಿಯ ಕೀಲಿಗಳಿಂದ ಬಣ್ಣದ ವರ್ಗ ಕೊಡಬಹುದು. ನಾನು ಒಂದು ಬಣ್ಣವನ್ನು ತಕ್ಷಣ ಕಳುಹಿಸಬೇಕಾದವುಗಳಿಗೆ, ಇನ್ನೊಂದನ್ನು ಕಾಲೇಜಿನ ಗ್ಯಾಲರಿಗೆ, ಮತ್ತೊಂದನ್ನು ಸಂಗ್ರಹಕ್ಕೆ ಎಂದು ಮೀಸಲಿಟ್ಟಿದ್ದೇನೆ. ವೇಗವೆಂದರೆ ಬರೀ ಸಮಯದ ಉಳಿತಾಯವೆಂದು ತಿಳಿಯಬಾರದು. ಚೆಂಡನ್ನು ಬುಟ್ಟಿಯೊಳಕ್ಕೆ ತುರುಕುವ ಒಂದು ಡಂಕ್‌ನ 60 ಚೌಕಟ್ಟುಗಳು ತಡೆಯಿಲ್ಲದೆ ಹಿಂದೆ ಮುಂದೆ ಓಡಿದಾಗ, ಚೆಂಡು ಬೆರಳ ತುದಿಯನ್ನು ಬಿಡುವ ಕ್ಷಣ ಯಾವುದು, ರಕ್ಷಕನ ಮುಖ ಕೈಗಳ ಮರೆಯಿಂದ ಹೊರಬಂದ ಕ್ಷಣ ಯಾವುದು ಎಂಬುದು ಕಣ್ಣಿಗೆ ತಾನಾಗಿ ಗೋಚರಿಸುತ್ತದೆ. ಪ್ರತಿ ಚಿತ್ರಕ್ಕೂ ಅರ್ಧ ಸೆಕೆಂಡ್ ಕಾಯಬೇಕಾದಲ್ಲಿ ಆ ಹೋಲಿಕೆ ತಪ್ಪಿಹೋಗಿ, ಸಾಕಷ್ಟು ಚೆನ್ನಾಗಿರುವ ಮೊದಲ ಚಿತ್ರಕ್ಕೇ ಮನಸ್ಸು ಒಪ್ಪಿಕೊಳ್ಳುತ್ತದೆ.

ಆದರೂ ವೇಗದ ಕಾರಣಕ್ಕೆ ಮಾತ್ರ ನಾನು ಈ ತಂತ್ರಾಂಶವನ್ನು ಇಷ್ಟು ಒತ್ತಿ ಶಿಫಾರಸು ಮಾಡುತ್ತಿರಲಿಲ್ಲ. ನನ್ನ ದೃಷ್ಟಿಯಲ್ಲಿ ಇದರ ನಿಜವಾದ ಬೆಲೆ ಇರುವುದು ಕೋಡ್ ರಿಪ್ಲೇಸ್‌ಮೆಂಟ್ ಎಂಬ ಸೌಲಭ್ಯದಲ್ಲಿ. ಕಾಲೇಜು ಕ್ರೀಡೆಯಲ್ಲಿ ಆಟಗಾರರ ಮುಖ ನೋಡಿ ಹೆಸರು ಹೇಳುವಷ್ಟು ಪರಿಚಯ ಓದುಗರಿಗಿರಲಿ, ಎಷ್ಟೋ ಸಲ ಸಂಪಾದಕರಿಗೂ ಇರುವುದಿಲ್ಲ. ಪ್ರತಿ ವರ್ಷ ಹಳಬರು ಪದವಿ ಮುಗಿಸಿ ಹೋಗುತ್ತಾರೆ, ಹೊಸಬರು ಬರುತ್ತಾರೆ, ಕೆಲವರು ಒಂದು ಕಾಲೇಜಿನಿಂದ ಇನ್ನೊಂದಕ್ಕೆ ವರ್ಗವಾಗುತ್ತಾರೆ. ಹೀಗಿರುವಾಗ ಹೆಸರಿಲ್ಲದ ಚಿತ್ರ ಎಷ್ಟೇ ಚೆನ್ನಾಗಿದ್ದರೂ ಯಾರ ಕೆಲಸಕ್ಕೂ ಬರುವುದಿಲ್ಲ; ತಪ್ಪು ಹೆಸರಿನ ಚಿತ್ರವಂತೂ ಒಬ್ಬ ವಿದ್ಯಾರ್ಥಿಯ ಶ್ರಮವನ್ನು ಇನ್ನೊಬ್ಬರ ಖಾತೆಗೆ ಬರೆದಂತೆ.

ಸೌಲಭ್ಯದ ರಚನೆ ಸರಳವಾಗಿದೆ. ಒಂದು ಸಾದಾ ಪಠ್ಯ ಕಡತದಲ್ಲಿ ಪ್ರತಿ ಸಾಲಿಗೆ ಒಂದು ಸಂಕೇತ, ನಂತರ ಒಂದು ಟ್ಯಾಬ್, ನಂತರ ಆ ಸಂಕೇತದ ಜಾಗದಲ್ಲಿ ಬರಬೇಕಾದ ಮಾತು. ಆತಿಥೇಯ ತಂಡಕ್ಕೆ ಒಂದು ಅಕ್ಷರ, ಪ್ರವಾಸಿ ತಂಡಕ್ಕೆ ಇನ್ನೊಂದು ಅಕ್ಷರ, ಅದರ ಮುಂದೆ ಜರ್ಸಿ ಸಂಖ್ಯೆ, ಇಷ್ಟೇ ಸಂಕೇತ. ಅಡಿಬರಹ ಬರೆಯುವಾಗ ಆ ಸಂಕೇತವನ್ನು ಎರಡು ಬ್ಯಾಕ್‌ಸ್ಲ್ಯಾಶ್‌ಗಳ (\) ನಡುವೆ ಟೈಪ್ ಮಾಡಿದರೆ, ಎರಡನೆಯ ಬ್ಯಾಕ್‌ಸ್ಲ್ಯಾಶ್ ಬಿದ್ದ ಕೂಡಲೇ ಅದು ಕರಗಿ ಅಲ್ಲಿ ತಂಡದ ಹೆಸರು, ಆಟಗಾರರ ಸ್ಥಾನ, ಪೂರ್ಣ ಹೆಸರು ಮತ್ತು ಸಂಖ್ಯೆ ಮೂಡುತ್ತವೆ. ಒಂದೇ ಸಂಕೇತಕ್ಕೆ ಹಲವು ಪರ್ಯಾಯ ರೂಪಗಳನ್ನೂ ಕೊಡಬಹುದು: ಮೊದಲ ಉಲ್ಲೇಖಕ್ಕೆ ಪೂರ್ಣ ವಿವರ, ಎರಡನೆಯ ಉಲ್ಲೇಖಕ್ಕೆ ಕುಲನಾಮ ಮಾತ್ರ, ಕೀವರ್ಡ್ ಪಟ್ಟಿಗೆ ಬರೀ ಹೆಸರು. ಗಾರ್ಡ್ ಒಬ್ಬರು ಎದುರಾಳಿ ಫಾರ್ವರ್ಡ್‌ನ ತಡೆಯನ್ನು ದಾಟಿ ಚೆಂಡನ್ನು ಬುಟ್ಟಿಯತ್ತ ಒಯ್ಯುತ್ತಿರುವ ಚಿತ್ರಕ್ಕೆ ನಾನು ಬೆರಳಾಡಿಸಿ ಬರೆಯಬೇಕಾದದ್ದು ಎರಡು ಸಂಕೇತ ಮತ್ತು ನಡುವಿನ ಕ್ರಿಯೆಯ ಮಾತು ಮಾತ್ರ.

ಇಷ್ಟನ್ನು ಸರಳವೆಂದು ಹೇಳಿ ಮುಗಿಸಿದರೆ ಓದುಗರಿಗೆ ನ್ಯಾಯವಾಗುವುದಿಲ್ಲ, ಏಕೆಂದರೆ ಈ ಸೌಲಭ್ಯದ ಶಕ್ತಿಯೂ ಅಪಾಯವೂ ಆಟದಿಂದ ಆಟಕ್ಕೆ ಬದಲಾಗುತ್ತವೆ. ಅಮೆರಿಕದ ಕಾಲೇಜುಗಳ ಅಮೆರಿಕನ್ ಫುಟ್‌ಬಾಲನ್ನೇ ತೆಗೆದುಕೊಳ್ಳಿ. ಒಂದೇ ತಂಡದ ಇಬ್ಬರು ಆಟಗಾರರು ಒಂದೇ ಸಂಖ್ಯೆಯ ಜರ್ಸಿ ತೊಡಲು ಅಲ್ಲಿನ ನಿಯಮದಲ್ಲಿ ಅವಕಾಶವಿದೆ. ಇಬ್ಬರೂ ಒಂದೇ ಡೌನ್‌ನಲ್ಲಿ (ಆಟದ ಒಂದು ಸರದಿಯಲ್ಲಿ) ಮೈದಾನದಲ್ಲಿರಬಾರದು ಅಷ್ಟೆ. ಆದ್ದರಿಂದ 7ನೇ ಸಂಖ್ಯೆ ಎಂದರೆ ದಾಳಿಯ ಸಾಲಿನ ಒಬ್ಬರೂ ಆಗಬಹುದು, ರಕ್ಷಣೆಯ ಸಾಲಿನ ಇನ್ನೊಬ್ಬರೂ ಆಗಬಹುದು. ಸಂಕೇತವೆಂಬುದು ಬರೀ ಪಠ್ಯವಾದ್ದರಿಂದ ಸಂಖ್ಯೆಯ ಕೊನೆಗೆ ದಾಳಿಗೊಂದು, ರಕ್ಷಣೆಗೊಂದು ಅಕ್ಷರ ಸೇರಿಸಿ ಇಬ್ಬರನ್ನೂ ಬೇರ್ಪಡಿಸಬಹುದು. ಆದರೆ ಚಿತ್ರದಲ್ಲಿರುವವರು ಯಾರೆಂದು ಚೆಂಡು ಯಾರ ಬಳಿ ಇದೆ ಎಂಬುದನ್ನು ನೋಡಿ ತೀರ್ಮಾನಿಸಬೇಕಾದದ್ದು ಛಾಯಾಗ್ರಾಹಕರೇ. ಕಿಕ್‌ಗಳಂಥ ವಿಶೇಷ ಸಂದರ್ಭಗಳಲ್ಲಿ ಆ ಸುಳಿವೂ ಸಿಗುವುದಿಲ್ಲ. ಆಗ ಪ್ರತಿ ಸರದಿಯಲ್ಲಿ ನಡೆದದ್ದನ್ನು ಬರೆದಿಡುವ, ಆಟದ ಅಧಿಕೃತ ಪ್ಲೇ-ಬೈ-ಪ್ಲೇ ದಾಖಲೆಯೊಂದೇ ಆಧಾರ.

ಬ್ಯಾಸ್ಕೆಟ್‌ಬಾಲ್‌ನ ಕಥೆ ಬೇರೆ. ತೀರ್ಪುಗಾರರು ಫೌಲ್ ಮಾಡಿದವರ ಸಂಖ್ಯೆಯನ್ನು ಬೆರಳುಗಳಿಂದ ತೋರಿಸಬೇಕಾದ್ದರಿಂದ ಎನ್‌ಸಿಎಎಯಲ್ಲಿ ಬಹುಕಾಲ 0ರಿಂದ 5ರವರೆಗಿನ ಅಂಕಿಗಳನ್ನು ಮಾತ್ರ ಜರ್ಸಿಯಲ್ಲಿ ಬಳಸಬಹುದಾಗಿತ್ತು. 2023–24ರ ಋತುವಿನಿಂದ 0ರಿಂದ 99ರವರೆಗಿನ ಯಾವ ಸಂಖ್ಯೆಯಾದರೂ ಸರಿ ಎಂದಾಗಿದೆ. ಹಳೆಯ ಪಟ್ಟಿಗಳಿಗೆ ಒಗ್ಗಿದ ಕಣ್ಣಿಗೆ ಅರ್ಧ ಮರೆಯಾದ ಅಂಕಿಯನ್ನು ಊಹಿಸುವುದು ಸುಲಭವಾಗಿತ್ತು. ಈಗ 3 ಮತ್ತು 8, 1 ಮತ್ತು 7 ಎಂಬ ಗೊಂದಲಗಳು ಹೊಸದಾಗಿ ಹುಟ್ಟಿಕೊಂಡಿವೆ. ಜೊತೆಗೆ ‘00’ ಎಂಬ ಸಂಖ್ಯೆಯ ಬಗ್ಗೆಯೂ ಎಚ್ಚರ ಬೇಕು. ಆಟಗಾರರ ಪಟ್ಟಿಯನ್ನು ಸ್ಪ್ರೆಡ್‌ಶೀಟಿಗೆ ಹಾಕಿದಾಗ ಅದು ಸದ್ದಿಲ್ಲದೆ ‘0’ ಆಗಿಬಿಡುತ್ತದೆ. ತಂಡದ ಅಕ್ಷರವನ್ನು ಮೊದಲೇ ಸೇರಿಸಿ ಅದನ್ನು ಪಠ್ಯವೆಂದು ಗುರುತಿಸಿದರೆ ಈ ತೊಂದರೆ ಇರುವುದಿಲ್ಲ. ಹೆಸರುಗಳಲ್ಲಿ ಉಚ್ಚಾರಣಾ ಚಿಹ್ನೆಗಳಿರುವ ವಿದೇಶಿ ವಿದ್ಯಾರ್ಥಿಗಳು ಕಾಲೇಜು ತಂಡಗಳಲ್ಲಿ ಸಾಕಷ್ಟು ಇರುತ್ತಾರೆ. ಕಡತವನ್ನು ಯೂನಿಕೋಡ್ ರೂಪದಲ್ಲಿ ಉಳಿಸದಿದ್ದರೆ ಅವರ ಹೆಸರೇ ವಿಚಿತ್ರ ಗುರುತುಗಳಾಗಿ ಮುದ್ರಣಕ್ಕೆ ಹೋಗಬಹುದು. ತನ್ನ ಹೆಸರನ್ನು ಸರಿಯಾಗಿ ಕಾಣುವ ಹಕ್ಕು ಪಂದ್ಯದ ತಾರೆಗೆ ಎಷ್ಟಿದೆಯೋ ಬೆಂಚಿನ ಕೊನೆಯಲ್ಲಿ ಕುಳಿತವರಿಗೂ ಅಷ್ಟೇ ಇದೆ ಎಂದು ನಾನು ನಂಬುತ್ತೇನೆ.

ವಾಲಿಬಾಲ್‌ನಲ್ಲಿ ರಕ್ಷಣೆಗೆಂದೇ ಇರುವ ಆಟಗಾರರಾದ ಲಿಬೆರೋ ತೊಡುವ ಜರ್ಸಿಯ ಬಣ್ಣವೇ ಬೇರೆ. ಸಂಖ್ಯೆ ಪಟ್ಟಿಯಲ್ಲಿರುವುದೇ ಆದರೂ ಬಣ್ಣ ನೋಡಿ ಎದುರಾಳಿ ತಂಡದವರೆಂದು ಭ್ರಮಿಸಿ ತಪ್ಪು ಅಕ್ಷರ ಒತ್ತುವ ಸಾಧ್ಯತೆ ಇರುತ್ತದೆ. ಓಟದ ಸ್ಪರ್ಧೆಗಳಲ್ಲಿ ಸೊಂಟದ ಬದಿಗೆ ಅಂಟಿಸಿದ ಸಂಖ್ಯೆ ಓಟಗಾರರ ಲೇನನ್ನು ಸೂಚಿಸುವುದೇ ಹೊರತು ವ್ಯಕ್ತಿಯನ್ನಲ್ಲ, ಆದ್ದರಿಂದ ಪ್ರತಿ ಹೀಟಿಗೂ (ಸ್ಪರ್ಧಿಗಳ ಒಂದೊಂದು ಗುಂಪಿನ ಓಟಕ್ಕೂ) ಬೇರೆ ಪಟ್ಟಿ ಬೇಕು. ಈಜಿನಲ್ಲಿಯೂ ಹಾಗೆಯೇ. ಫೋಟೋ ಮೆಕ್ಯಾನಿಕ್ ಹಲವು ಕಡತಗಳನ್ನು ಒಟ್ಟಿಗೆ ಸ್ವೀಕರಿಸುವುದರಿಂದ ಹೀಟ್ ಸಂಖ್ಯೆ ಮತ್ತು ಲೇನ್ ಸಂಖ್ಯೆಯನ್ನು ಜೋಡಿಸಿ ಸಂಕೇತ ಮಾಡಿಕೊಂಡರೆ ದಿನವಿಡೀ ನಡೆಯುವ ಕೂಟವೂ ನಿಭಾಯಿಸುವಂತಾಗುತ್ತದೆ. ಆದರೆ ಹೀಟ್ ಪಟ್ಟಿ ಕೈಗೆ ಬರುವುದೇ ಸ್ಪರ್ಧೆಯ ಸ್ವಲ್ಪ ಮೊದಲು; ಆ ಅವಸರದಲ್ಲಿ ಕಡತ ತಯಾರಿಸುವುದು ಅಭ್ಯಾಸವಿಲ್ಲದವರಿಗೆ ಕಷ್ಟ.

ಕೋಡ್ ರಿಪ್ಲೇಸ್‌ಮೆಂಟ್ ಕೊಡುವ ಹೆಸರಿಗೆ ಆ ಕಡತವೇ ಪ್ರಮಾಣ ಎಂಬುದನ್ನು ಇಲ್ಲಿಯೇ ಹೇಳಬೇಕು. ಕಡತದಲ್ಲಿ ಕಾಗುಣಿತ ತಪ್ಪಿದ್ದರೆ ಆ ತಪ್ಪು ಆ ಆಟಗಾರರ ಪ್ರತಿ ಚಿತ್ರಕ್ಕೂ ಒಂದೇ ರೀತಿ, ಒಂದೇ ಆತ್ಮವಿಶ್ವಾಸದಿಂದ ಅಂಟಿಕೊಳ್ಳುತ್ತದೆ. ಹಾಗಾಗಿ ಕಾಲೇಜಿನ ಜಾಲತಾಣದಿಂದ ಹಿಂದೊಮ್ಮೆ ತೆಗೆದಿಟ್ಟ ಪಟ್ಟಿಯನ್ನು ನೆಚ್ಚಿಕೊಳ್ಳದೆ, ಪಂದ್ಯದ ದಿನ ಮಾಧ್ಯಮ ಕಚೇರಿ ಕೊಡುವ ಪಟ್ಟಿಯೊಂದಿಗೆ ಸಾಲುಸಾಲಾಗಿ ತಾಳೆ ನೋಡುವುದು ಅಗತ್ಯ. ಸಿದ್ಧ ಸಂಕೇತ ಕಡತಗಳನ್ನು ತಯಾರಿಸಿಕೊಡುವ ಸೇವೆಗಳೂ ಇವೆ. ನಾನು ಮಾತ್ರ ಕೈಯಾರೆ ಮಾಡುವುದನ್ನೇ ಇಷ್ಟಪಡುತ್ತೇನೆ, ಏಕೆಂದರೆ ಪಟ್ಟಿ ತಯಾರಿಸುವ ಹೊತ್ತಿನಲ್ಲಿಯೇ ಯಾರು ಹೊಸಬರು, ಯಾರಿಗೆ ಇದು ಕೊನೆಯ ಋತು, ಯಾರ ಸಂಖ್ಯೆ ಬದಲಾಗಿದೆ ಎಂಬುದು ತಲೆಯಲ್ಲಿ ಕೂರುತ್ತದೆ. ಅಂಕಣದ ಅಂಚಿನಲ್ಲಿ ಕುಳಿತಾಗ ಆ ತಿಳಿವಳಿಕೆ ಲೆನ್ಸನ್ನು ಯಾರತ್ತ ತಿರುಗಿಸಬೇಕೆಂದು ಹೇಳಿಕೊಡುತ್ತದೆ.

ಸಂಕೇತಗಳ ಜೊತೆಗೇ ನಡೆಯುವ ಇನ್ನೊಂದು ಸೌಲಭ್ಯ ಮೆಟಾಡೇಟಾ ಟೆಂಪ್ಲೇಟ್, ಅಂದರೆ ಚಿತ್ರದೊಳಗೆ ಸೇರುವ ವಿವರಗಳ ಸಿದ್ಧ ಮಾದರಿ. ಪಂದ್ಯದ ಹೆಸರು, ಸ್ಥಳ, ದಿನಾಂಕ, ಛಾಯಾಗ್ರಾಹಕರ ಹೆಸರು, ಹಕ್ಕುಸ್ವಾಮ್ಯದ ಸಾಲು, ಸಂಪರ್ಕ ವಿವರ ಇವೆಲ್ಲ ಎಲ್ಲ ಚಿತ್ರಗಳಿಗೂ ಸಮಾನವಾದ್ದರಿಂದ ಇಳಿಸುವಾಗಲೇ ಸೇರಿಹೋಗುತ್ತವೆ. ಈ ವಿವರಗಳ ಖಾನೆಗಳನ್ನು ನಿಗದಿಪಡಿಸಿದ್ದು 1965ರಲ್ಲಿ ಸ್ಥಾಪನೆಯಾದ ಐಪಿಟಿಸಿ ಎಂಬ ಅಂತಾರಾಷ್ಟ್ರೀಯ ಸುದ್ದಿಮಾಧ್ಯಮ ಒಕ್ಕೂಟ. ಇಂಥ ವಿವರಗಳನ್ನು ದಾಖಲಿಸಲು 2001ರಲ್ಲಿ ಅಡೋಬಿ ತಂದ ಎಕ್ಸ್ಎಂಪಿ ಎಂಬ ವಿಧಾನದಲ್ಲಿಯೂ ಅವು ಮುಂದುವರಿದಿವೆ. ಹೀಗೆ ಸರ್ವಸಮ್ಮತವಾದ ಖಾನೆಗಳಲ್ಲಿ ಬರೆದದ್ದರಿಂದ ಚಿತ್ರ ಯಾವ ಪತ್ರಿಕೆಯ ವ್ಯವಸ್ಥೆಗೆ ಹೋದರೂ ಅಡಿಬರಹ ಮತ್ತು ಹಕ್ಕುಸ್ವಾಮ್ಯ ಜೊತೆಯಲ್ಲೇ ಹೋಗುತ್ತವೆ. ಅನೇಕ ಸಾಮಾಜಿಕ ಜಾಲತಾಣಗಳು ಈ ವಿವರಗಳನ್ನು ಕಿತ್ತುಹಾಕುತ್ತವೆ ಎಂಬುದು ನಿಜ. ಆದರೂ ಮೂಲ ಕಡತದೊಳಗೆ ಹೆಸರು ದಾಖಲಾಗಿರುವುದು ಫ್ರೀಲಾನ್ಸ್ ಛಾಯಾಗ್ರಾಹಕರಿಗೆ ತಮ್ಮ ಹಕ್ಕನ್ನು ಸ್ಥಾಪಿಸಲು ನೆರವಾಗುತ್ತದೆ. ಪ್ರತಿ ಗ್ರಾಹಕರಿಗೂ ಒಂದೊಂದು ಟೆಂಪ್ಲೇಟ್ ಉಳಿಸಿಟ್ಟುಕೊಳ್ಳುವುದು ಒಳ್ಳೆಯದು. ಆಟದ ಪ್ರಕಾರವೂ ಬೇರೆ ಬೇಕಾಗುತ್ತದೆ: ಎನ್‌ಸಿಎಎಯ ಪುರುಷರ ಬ್ಯಾಸ್ಕೆಟ್‌ಬಾಲ್ 20 ನಿಮಿಷಗಳ ಎರಡು ಅರ್ಧಗಳಲ್ಲಿ ನಡೆಯುತ್ತದೆ, ಮಹಿಳೆಯರದು 2015–16ರಿಂದ 10 ನಿಮಿಷಗಳ ನಾಲ್ಕು ಕ್ವಾರ್ಟರ್‌ಗಳಲ್ಲಿ. ಒಂದೇ ಸಂಜೆ ಎರಡೂ ಪಂದ್ಯಗಳಿದ್ದಾಗ ಒಂದರ ಟೆಂಪ್ಲೇಟ್ ಇನ್ನೊಂದಕ್ಕೆ ಉಳಿದುಬಿಟ್ಟರೆ, ಇಲ್ಲದ ‘ಎರಡನೆಯ ಅರ್ಧ’ವೊಂದು ಮಹಿಳೆಯರ ಪಂದ್ಯದ ಅಡಿಬರಹದಲ್ಲಿ ಸೇರಿಕೊಳ್ಳುತ್ತದೆ.

ಎರಡು ಕ್ಯಾಮೆರಾ ಬಳಸುವವರಿಗೆ ಗಡಿಯಾರಗಳ ವ್ಯತ್ಯಾಸ ಕಾಡುತ್ತದೆ. ಚಿತ್ರಗಳ ಸಮಯವನ್ನು ಒಟ್ಟಾಗಿ ಹಿಂದೆ ಮುಂದೆ ಸರಿಸುವ ಸೌಲಭ್ಯ ಇದರಲ್ಲಿದ್ದು, ಎರಡೂ ಕ್ಯಾಮೆರಾಗಳಿಂದ ಸ್ಕೋರ್‌ಬೋರ್ಡಿನ ಗಡಿಯಾರದ ಒಂದೊಂದು ಚಿತ್ರ ತೆಗೆದಿದ್ದರೆ ಎಷ್ಟು ಸರಿಸಬೇಕೆಂದು ತಿಳಿಯುತ್ತದೆ. ಸಮಯ ಸರಿಹೋದ ಮೇಲೆ ಚಿತ್ರಗಳನ್ನು ತೆಗೆದ ಕ್ರಮದಲ್ಲಿ ಜೋಡಿಸಿದರೆ ಇಡೀ ಪಂದ್ಯ ತನ್ನ ಕ್ರಮದಲ್ಲೇ ಹರಡಿಕೊಳ್ಳುತ್ತದೆ ಮತ್ತು ಯಾವ ಚಿತ್ರ ಯಾವ ಅವಧಿಯದ್ದೆಂಬ ಅನುಮಾನ ಉಳಿಯುವುದಿಲ್ಲ.

ಕಳುಹಿಸುವ ಹಂತದಲ್ಲಿ ಹೇಳಬೇಕಾದದ್ದು ಹೆಚ್ಚಿಲ್ಲ. ಎಫ್‌ಟಿಪಿ, ಎಸ್‌ಎಫ್‌ಟಿಪಿ ಎಂಬ ಕಡತ ರವಾನೆಯ ವಿಧಾನಗಳ ಮೂಲಕ ನೇರವಾಗಿ ಕಳುಹಿಸಬಹುದು. ಕಳುಹಿಸುವಾಗಲೇ ಅಳತೆ ಕುಗ್ಗಿಸಿ, ಹೆಸರು ಬದಲಿಸಿ, ಮೂಲ ಕಡತವನ್ನು ಹಾಗೆಯೇ ಉಳಿಸಿಕೊಳ್ಳಬಹುದು. ಕ್ರೀಡಾಂಗಣದ ಸಂಪರ್ಕ ನಿಧಾನವಾಗಿದ್ದಾಗ ಈ ಕುಗ್ಗಿಸುವಿಕೆ ಚಿತ್ರ ಹೋಗುವುದಕ್ಕೂ ಹೋಗದಿರುವುದಕ್ಕೂ ನಡುವಿನ ಅಂತರವಾಗುತ್ತದೆ. ಅದು ಹೇಗೆ ಕೆಲಸ ಮಾಡಬೇಕೋ ಹಾಗೆ ಕೆಲಸ ಮಾಡುತ್ತದೆ.

ಈಗ ಕೊರತೆಗಳ ವಿಷಯ. ಮೊದಲನೆಯದು, ಮೇಲೆ ಹೇಳಿದಂತೆ ಇದರಲ್ಲಿ ಚಿತ್ರ ತಿದ್ದುವ ಸೌಲಭ್ಯಗಳು ತೀರಾ ಕಡಿಮೆ. ಕ್ರಾಪ್ ಮಾಡಬಹುದು, ರಾ ಕಡತದ ಆ ಕ್ರಾಪ್ ಎಕ್ಸ್ಎಂಪಿಯಲ್ಲಿ ದಾಖಲಾಗಿ ಅಡೋಬಿಯ ಚಿತ್ರ ತಿದ್ದುವ ತಂತ್ರಾಂಶಗಳಾದ ಲೈಟ್‌ರೂಮ್ ಅಥವಾ ಕ್ಯಾಮೆರಾ ರಾದಲ್ಲಿ ತೆರೆದಾಗಲೂ ಉಳಿದಿರುತ್ತದೆ. ಆದರೆ ಹಳೆಯ ಜಿಮ್ನೇಷಿಯಂಗಳ ದೀಪಗಳು ಮಿನುಗುವುದರಿಂದ ಒಂದೇ ಸರಣಿಯ ಎರಡು ಚೌಕಟ್ಟುಗಳ ಬಣ್ಣ ಮತ್ತು ಬೆಳಕು ಬೇರೆಬೇರೆಯಾಗುತ್ತವೆ. ಅದನ್ನು ಸರಿಪಡಿಸಲು ಬೇರೆ ತಂತ್ರಾಂಶ ಬೇಕೇ ಬೇಕು. ಆದ್ದರಿಂದ ಫೋಟೋ ಮೆಕ್ಯಾನಿಕ್ ಒಂದನ್ನೇ ಕೊಂಡು ಕೆಲಸ ಮುಗಿಸಬಹುದೆಂಬ ಲೆಕ್ಕ ಜೆಪೆಗ್‌ನಲ್ಲಿಯೇ ಚಿತ್ರಿಸಿ ನೇರವಾಗಿ ಕಳುಹಿಸುವವರಿಗೆ ಮಾತ್ರ ಹೊಂದುತ್ತದೆ.

ಎರಡನೆಯದು ಫೋಕಸ್ ಪರೀಕ್ಷೆ. ವೇಗಕ್ಕೆ ಕಾರಣವಾದ ಅದೇ ಗುಣ ಇಲ್ಲಿ ಮಿತಿಯಾಗುತ್ತದೆ. ಕ್ಯಾಮೆರಾ ರಾ ಕಡತದೊಳಗೆ ಪೂರ್ಣ ಅಳತೆಯ ಜೆಪೆಗ್ ಇಟ್ಟಿದ್ದರೆ 100 ಪ್ರತಿಶತಕ್ಕೆ ಹಿಗ್ಗಿಸಿ ಕಣ್ಣಿನ ರೆಪ್ಪೆಯವರೆಗೂ ನೋಡಬಹುದು. ಕೆಲವು ಕ್ಯಾಮೆರಾಗಳು ಚಿಕ್ಕ ಜೆಪೆಗ್ ಮಾತ್ರ ಇಡುವುದರಿಂದ ಅಂಥ ಕಡತಗಳಲ್ಲಿ ಫೋಕಸ್ ಆಟಗಾರರ ಮುಖದ ಮೇಲಿದೆಯೋ ಜರ್ಸಿಯ ಮೇಲಿದೆಯೋ ಎಂದು ಖಚಿತವಾಗಿ ಹೇಳಲಾಗದು. ಎಫ್/2.8ರಲ್ಲಿ ಸ್ಪಷ್ಟತೆಯ ಆಳ ಕಡಿಮೆ ಇರುವಾಗ ಇದು ಸಣ್ಣ ವಿಷಯವಲ್ಲ. ರಾ ಜೊತೆಗೆ ದೊಡ್ಡ ಜೆಪೆಗ್ಗನ್ನೂ ದಾಖಲಿಸುವುದು ಇದಕ್ಕಿರುವ ದಾರಿ, ಕಾರ್ಡಿನಲ್ಲಿ ಹೆಚ್ಚು ಜಾಗ ಹೋಗುತ್ತದೆ.

ಮೂರನೆಯದು ಕಲಿಕೆಯ ಭಾರ. ಕಿಟಕಿಗಳ ವಿನ್ಯಾಸ ಹಳೆಯ ಕಾಲದ್ದು. ಒಂದೊಂದರಲ್ಲೂ ಹತ್ತಾರು ಖಾನೆಗಳು, ಗುಂಡಿಗಳು. ಯಾವುದು ದಿನನಿತ್ಯಕ್ಕೆ ಬೇಕು, ಯಾವುದು ವರ್ಷಕ್ಕೊಮ್ಮೆ ಬೇಕು ಎಂಬ ಸೂಚನೆಯನ್ನು ವಿನ್ಯಾಸ ತಾನಾಗಿ ಕೊಡುವುದಿಲ್ಲ. ಹೊಸಬರು ಇಂಜೆಸ್ಟ್ ಕಿಟಕಿಯನ್ನು ಮೊದಲ ಸಲ ತೆರೆದಾಗ ಹಿಂಜರಿಯುವುದು ಸಹಜ. ಇದನ್ನು ನಾನು ಗಂಭೀರ ದೋಷವೆಂದೇ ಪರಿಗಣಿಸುತ್ತೇನೆ, ಏಕೆಂದರೆ ಈ ಸಾಧನದ ಅಗತ್ಯ ಅತಿ ಹೆಚ್ಚು ಇರುವುದು ಒಬ್ಬಂಟಿಯಾಗಿ ಈಗತಾನೇ ಈ ವೃತ್ತಿಗೆ ಕಾಲಿಟ್ಟವರಿಗೆ, ಮತ್ತು ಅವರಿಗೆ ಪಕ್ಕದಲ್ಲಿ ನಿಂತು ಹೇಳಿಕೊಡುವವರು ಇರುವುದಿಲ್ಲ.

ಪರವಾನಗಿಯ ವ್ಯವಸ್ಥೆಯೂ ಬದಲಾಗಿದೆ. ಹಿಂದೆ ಒಮ್ಮೆ ಕೊಂಡರೆ ಆಯಿತು ಎಂಬಂತಿದ್ದ ತಂತ್ರಾಂಶಕ್ಕೆ ಈಗ ಚಂದಾ ಪದ್ಧತಿಯೂ ಬಂದಿದೆ. ಆದಾಯ ಋತುಮಾನಕ್ಕೆ ತಕ್ಕಂತೆ ಏರಿಳಿಯುವ ಫ್ರೀಲಾನ್ಸ್ ಬದುಕಿನಲ್ಲಿ ಪ್ರತಿಯೊಂದು ಹೊಸ ಚಂದಾವೂ ಚಿಂತೆಯ ವಿಷಯ. ವರ್ಷದ ಎಲ್ಲ ಋತುಗಳಲ್ಲೂ ಪಂದ್ಯಗಳಿರುವವರು ವೆಚ್ಚವನ್ನು ಸುಲಭವಾಗಿ ಸಮರ್ಥಿಸಿಕೊಳ್ಳಬಹುದು. ಅಪರೂಪಕ್ಕೊಂದು ಪಂದ್ಯಕ್ಕೆ ಹೋಗುವವರು ಎರಡು ಸಲ ಯೋಚಿಸಲಿ.

2020ರಲ್ಲಿ ಬಂದ ಫೋಟೋ ಮೆಕ್ಯಾನಿಕ್ ಪ್ಲಸ್ ಎಂಬ ವಿಸ್ತೃತ ಆವೃತ್ತಿಯಲ್ಲಿ ಹಲವು ಡ್ರೈವ್‌ಗಳಲ್ಲಿ ಚದುರಿದ ಚಿತ್ರಗಳನ್ನು ಒಂದೇ ಕ್ಯಾಟಲಾಗಿನಲ್ಲಿ ಹುಡುಕುವ ವ್ಯವಸ್ಥೆ ಸೇರಿದೆ. ಆರಂಭದಲ್ಲಿ ಇದು ಬೇಡವೆನಿಸಬಹುದು. ಆದರೆ ಕಾಲೇಜು ಕ್ರೀಡೆಯ ಚಿತ್ರಗಳ ಆಯುಷ್ಯ ಪಂದ್ಯದ ಮರುದಿನಕ್ಕೆ ಮುಗಿಯುವುದಿಲ್ಲ. ವಿದ್ಯಾರ್ಥಿ ಕ್ರೀಡಾಪಟುಗಳು ಹಲವು ಋತುಗಳ ಕಾಲ ತಂಡದಲ್ಲಿರುತ್ತಾರೆ. ಅಂತಿಮ ವರ್ಷದವರನ್ನು ಗೌರವಿಸುವ ಸೀನಿಯರ್ ಡೇ ಹತ್ತಿರ ಬಂದಾಗ ಅವರ ಮೊದಲ ವರ್ಷದಿಂದ ಇಂದಿನವರೆಗಿನ ಚಿತ್ರಗಳು ಬೇಕೆಂದು ಕ್ರೀಡಾ ವಿಭಾಗವೂ ಪೋಷಕರೂ ಕೇಳುತ್ತಾರೆ. ಅವರಲ್ಲೊಬ್ಬರು ವೃತ್ತಿಪರ ತಂಡಕ್ಕೆ ಆಯ್ಕೆಯಾದರೆ, ಅಂದು ಯಾರೂ ಗಮನಿಸದಿದ್ದ ಹಳೆಯ ಚಿತ್ರಗಳನ್ನು ಪತ್ರಿಕೆಗಳು ಹುಡುಕತೊಡಗುತ್ತವೆ. ಆ ದಿನ ಹೆಸರು ಟೈಪ್ ಮಾಡಿ ಕ್ಷಣದಲ್ಲಿ ಚಿತ್ರಗಳನ್ನು ಮುಂದಿಡಬಲ್ಲವರಿಗೆ ಸಂಗ್ರಹವೇ ಆದಾಯದ ಮೂಲವಾಗುತ್ತದೆ. ಇದು ಸಾಧ್ಯವಾಗುವುದು ವರ್ಷಗಳ ಹಿಂದೆ, ದಣಿದ ರಾತ್ರಿಗಳಲ್ಲಿ, ಪ್ರತಿ ಚಿತ್ರಕ್ಕೂ ಹೆಸರು ಬರೆದಿದ್ದರೆ ಮಾತ್ರ. ಕೋಡ್ ರಿಪ್ಲೇಸ್‌ಮೆಂಟ್ ಆ ಶಿಸ್ತನ್ನು ಸಾಧ್ಯವಾಗುವಷ್ಟು ಹಗುರಗೊಳಿಸುತ್ತದೆ ಎಂಬ ಕಾರಣಕ್ಕೇ ನಾನು ಅದನ್ನು ವೇಗಕ್ಕಿಂತ ಮೇಲಿಟ್ಟಿದ್ದೇನೆ.

ಪರ್ಯಾಯಗಳನ್ನು ಹೋಲಿಸದೆ ಈ ವಿಮರ್ಶೆ ಪೂರ್ಣವಾಗದು. ಲೈಟ್‌ರೂಮ್ ಕ್ಲಾಸಿಕ್ 2017ರಿಂದ ಕ್ಯಾಮೆರಾದ ಜೆಪೆಗ್ಗನ್ನೇ ಬಳಸಿ ಆಯ್ಕೆ ಮಾಡುವ ಅವಕಾಶ ಕೊಟ್ಟಿದೆ. ವೇಗದ ಅಂತರ ಮೊದಲಿನಷ್ಟಿಲ್ಲ ಎಂದು ಒಪ್ಪಬೇಕು. ಆದರೂ ಚಿತ್ರಗಳನ್ನು ಮೊದಲು ಕ್ಯಾಟಲಾಗಿಗೆ ಸೇರಿಸಲೇಬೇಕಾದದ್ದು ಮತ್ತು ಕೋಡ್ ರಿಪ್ಲೇಸ್‌ಮೆಂಟಿಗೆ ಸಮನಾದದ್ದು ಅದರಲ್ಲಿಲ್ಲದಿರುವುದು ಪಂದ್ಯದ ಒತ್ತಡದಲ್ಲಿ ಎದ್ದುಕಾಣುತ್ತವೆ. ಅಡೋಬಿ ಬ್ರಿಡ್ಜ್ ಶಾಂತವಾಗಿ ಕುಳಿತು ಕೆಲಸ ಮಾಡುವವರಿಗೆ ಸಾಕು. ಕೃತಕ ಬುದ್ಧಿಮತ್ತೆಯಿಂದ ಆಯ್ಕೆ ಮಾಡಿಕೊಡುವ ಹೊಸ ತಂತ್ರಾಂಶಗಳು ಕಣ್ಣು ಮುಚ್ಚಿದೆಯೇ, ಮುಖ ಸ್ಪಷ್ಟವಾಗಿದೆಯೇ ಎಂಬುದಕ್ಕೆ ಹೆಚ್ಚು ಬೆಲೆ ಕೊಡುತ್ತವೆ. ಸಮಾರಂಭಗಳ ಚಿತ್ರಗಳಿಗೆ ಅದು ಸರಿ. ಕುಸ್ತಿಯಲ್ಲಿ ಎದುರಾಳಿಯನ್ನು ಎತ್ತುವ ಕ್ಷಣದಲ್ಲಿ ಕಣ್ಣು ಬಿಗಿಯಾಗಿ ಮುಚ್ಚಿರುತ್ತದೆ, ಗುಂಡೆಸೆತದ ಸ್ಪರ್ಧಿಗಳ ಮುಖ ವಿಕಾರವಾಗಿರುತ್ತದೆ. ಆ ಚಿತ್ರಗಳೇ ಉಳಿಯಬೇಕಾದವು. ಈ ಆಯ್ಕೆಯನ್ನು ಆಟ ಬಲ್ಲ ಕಣ್ಣಿಗೇ ಬಿಡುವುದು ಲೇಸು.

ಕಂಪನಿ 30 ದಿನಗಳ ಉಚಿತ ಪ್ರಯೋಗಾವಕಾಶ ಕೊಡುತ್ತದೆ. ಪಂದ್ಯಗಳಿಲ್ಲದ ಬಿಡುವಿನ ತಿಂಗಳಲ್ಲಿ ಅದನ್ನು ಆರಂಭಿಸಿದರೆ ಅವಧಿ ವ್ಯರ್ಥವಾಗುತ್ತದೆ. ಋತುವಿನ ಮಧ್ಯದಲ್ಲಿ ಒಂದು ಪಂದ್ಯ ಆರಿಸಿಕೊಳ್ಳಿ. ಹಿಂದಿನ ದಿನ ಎರಡೂ ತಂಡಗಳ ಸಂಕೇತ ಕಡತ ತಯಾರಿಸಿ, ಹಳೆಯ ಪಂದ್ಯವೊಂದರ ಚಿತ್ರಗಳಿಗೆ ಅಡಿಬರಹ ಬರೆದು ಬೆರಳುಗಳನ್ನು ಪಳಗಿಸಿಕೊಳ್ಳಿ. ಮರುದಿನ ಹಾಫ್‌ಟೈಮಿನಲ್ಲಿ ಲಾಕ್ ಮಾಡಿದ ಐದಾರು ಚಿತ್ರಗಳನ್ನು ಮಾತ್ರ ಇಳಿಸಿ, ಹೆಸರು ತುಂಬಿ, ಕಳುಹಿಸಿ ನೋಡಿ. ಪರವಾನಗಿ ಕೊಳ್ಳಬೇಕೇ ಬೇಡವೇ ಎಂಬುದನ್ನು ಆ 15 ನಿಮಿಷಗಳ ಅನುಭವದ ಮೇಲೆ ನಿರ್ಧರಿಸಬಹುದು.